ಹೊಸ ಉತ್ಪನ್ನವನ್ನು ಮಾರುಕಟ್ಟೆಗೆ ಬಿಡುವ ದಾರಿಗಳು: ನಿಮಗೆ ಯಾವುದು ಹೊಂದುತ್ತದೆ?

ಬೆಳಿಗ್ಗೆ ಹತ್ತಕ್ಕೆ ನಮ್ಮ ಆ್ಯಪ್‌ನ ಬಿಡುಗಡೆ. ಗೋದಾಮಿಗೆ ಎಷ್ಟು ಸರಕು ಬಂತು, ಎಷ್ಟು ಹೋಯಿತು ಎಂದು ಬರೆದಿಡುವ ಸಣ್ಣ ಆ್ಯಪ್ ಅದು. ವರ್ಷವಿಡೀ ಕೂತು ಮಾಡಿದ್ದೆವು. ಜಾಹೀರಾತು ಹೋಗಿತ್ತು, ಗೊತ್ತಿದ್ದವರಿಗೆಲ್ಲ ಸಂದೇಶ ಹೋಗಿತ್ತು. ಹತ್ತೂಕಾಲಿನ ಹೊತ್ತಿಗೆ ನೋಂದಣಿ ಪುಟ ಜನರಿಂದ ತುಂಬಿತ್ತು. ಮೊದಲು ಬಂದ ಕೆಲವರು ಒಳಗೆ ಹೋದರು. ಆಮೇಲೆ ಒಬ್ಬರೂ ಇಲ್ಲ. ಪುಟದಲ್ಲಿ ಜನ ಇದ್ದಾರೆ, ಬಾಗಿಲು ದಾಟುತ್ತಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಓಟಿಪಿ ಹೋಗುತ್ತಿಲ್ಲ. ಎಸ್‌ಎಂಎಸ್ ಕಳಿಸುವ ಸೇವೆಯಲ್ಲಿ ನಮ್ಮ ಖಾತೆ ಇನ್ನೂ ಟ್ರಯಲ್‌ನಲ್ಲೇ ಇತ್ತು. ದಿನದ ಮಿತಿ ಮುಗಿದದ್ದೇ ಅದು ಸದ್ದಿಲ್ಲದೆ ನಿಂತುಬಿಟ್ಟಿತ್ತು. ಪರೀಕ್ಷೆ ಮಾಡುವಾಗ ನಾವು ಐದಾರು ಮಂದಿಯೇ ಇದ್ದುದರಿಂದ ಆ ಮಿತಿಯ ಹತ್ತಿರಕ್ಕೂ ಹೋಗಿರಲಿಲ್ಲ. ಸರಿಮಾಡಲು ಬೇಕಿದ್ದದ್ದು ಒಂದು ಫಾರ್ಮ್, ಒಂದು ಕಾರ್ಡ್ ನಂಬರ್. ಆದರೆ ಸರಿಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಬಂದವರು ಬಂದ ದಾರಿ ಹಿಡಿದಿದ್ದರು.

ಆ್ಯಪ್ ಕೆಟ್ಟದಾಗಿರಲಿಲ್ಲ. ನಾವು ಅದನ್ನು ಬಿಟ್ಟ ರೀತಿ ಕೆಟ್ಟದಾಗಿತ್ತು. ಮೂವತ್ತು ಜನರ ಮುಂದೆ ಆಗಿಹೋಗಬೇಕಿದ್ದ ತಪ್ಪು ಎಲ್ಲರ ಮುಂದೆ ಆಯಿತು.

ಬಿಡುಗಡೆಯ ದಾರಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಖರ್ಚೆಷ್ಟು, ಸದ್ದೆಷ್ಟು ಎಂದು ತೂಗುತ್ತಾರೆ. ನಾನು ತೂಗುವುದು ಬೇರೆ ರೀತಿ. ಹೊಸ ಉತ್ಪನ್ನ ಕೈಯಲ್ಲಿರುವವರಿಗೆ ಮೂರು ಅನುಮಾನಗಳಿರುತ್ತವೆ. ಇದು ನಿಜವಾದ ಜನರ ಕೈಯಲ್ಲಿ ಕೆಲಸ ಮಾಡುತ್ತದೆಯೇ? ಇದು ಯಾರಿಗಾದರೂ ದುಡ್ಡು ಕೊಟ್ಟು ಕೊಳ್ಳುವಷ್ಟು ಬೇಕಾಗಿದೆಯೇ? ಬೇಕೆಂದವರಿಗೆಲ್ಲ ಹೊತ್ತಿಗೆ ಸರಿಯಾಗಿ ಕೊಡುವ ತಾಕತ್ತು ನಮಗಿದೆಯೇ? ಬಿಡುಗಡೆಯ ಒಂದೊಂದು ದಾರಿಯೂ ಇವುಗಳಲ್ಲಿ ಒಂದು ಅನುಮಾನವನ್ನು ಅಗ್ಗವಾಗಿ ತೀರಿಸುತ್ತದೆ, ಉಳಿದವುಗಳ ಬಗ್ಗೆ ಬಾಯಿ ಬಿಡುವುದಿಲ್ಲ. ನಿಮ್ಮ ದೊಡ್ಡ ಅನುಮಾನ ಯಾವುದೆಂದು ಮೊದಲು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ದಾರಿಯ ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಒಂದೇ ದಿನ, ಎಲ್ಲರಿಗೂ

ಎಲ್ಲರ ಕಣ್ಣಿಗೂ ಬೀಳುವ ದಾರಿ ಇದು. ವೇದಿಕೆ, ಬೆಳಕು, ಕ್ಷಣಗಣನೆ. ಹೊಸಬರಿಗೆ ಬಿಡುಗಡೆ ಎಂದರೆ ಇದೇ ಎನಿಸಿರುತ್ತದೆ. ಇದಕ್ಕೆ ಸ್ವಲ್ಪ ಮಟ್ಟಿಗೆ ಐಫೋನ್ ಕಾರಣ. 2007ರ ಜನವರಿ 9ರ ಆ ವೇದಿಕೆ ಎಲ್ಲರಿಗೂ ನೆನಪಿದೆ. ಅದಾದ ಮೇಲೆ ಏನಾಯಿತು ಎಂಬುದು ಅಷ್ಟಾಗಿ ನೆನಪಿಲ್ಲ. ಫೋನ್ ಅಂಗಡಿಗೆ ಬಂದದ್ದು ಜೂನ್ 29ಕ್ಕೆ. ಅದೂ ಅಮೆರಿಕದಲ್ಲಿ ಮಾತ್ರ, ಒಂದೇ ಮೊಬೈಲ್ ಕಂಪನಿಯ ಜಾಲದಲ್ಲಿ. ಬ್ರಿಟನ್ನಿಗೆ ಹೋದದ್ದು ನವೆಂಬರ್‌ನಲ್ಲಿ. ಹೊರಗಿನವರ ಆ್ಯಪ್‌ಗಳಿಗೆ ಅಂಗಡಿ ತೆರೆದದ್ದು 2008ರ ಜುಲೈಯಲ್ಲಿ. ಅಂದರೆ ಡಂಗುರ ಒಂದೇ ದಿನ ಸಾರಿದರೂ ಸರಕು ಬಂದದ್ದು ಹಂತಹಂತವಾಗಿ. ಆಪಲ್‌ನಂತೆ ಮಾಡುತ್ತೇವೆ ಎನ್ನುವವರು ಡಂಗುರವನ್ನಷ್ಟೇ ನಕಲು ಮಾಡುತ್ತಾರೆ.

ಅದೇ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಮಾರಾಟ ಶುರುವಾಗಿ ಹತ್ತು ವಾರಕ್ಕೇ ಆಪಲ್ 599 ಡಾಲರಿನ ಫೋನನ್ನು 399ಕ್ಕೆ ಇಳಿಸಿತು. ಸಾಲಿನಲ್ಲಿ ನಿಂತು ಮೊದಲ ದಿನವೇ ಕೊಂಡವರು ಸಿಡಿದೆದ್ದರು. ಕೊನೆಗೆ ಅವರಿಗೆ 100 ಡಾಲರಿನ ಅಂಗಡಿ ಕ್ರೆಡಿಟ್ ಕೊಟ್ಟು ಸಮಾಧಾನ ಮಾಡಬೇಕಾಯಿತು. ನಿಮ್ಮನ್ನು ಎಲ್ಲರಿಗಿಂತ ಮೊದಲು ನಂಬಿದವರಿಗೇ ಎಲ್ಲರಿಗಿಂತ ಹೆಚ್ಚು ಬೆಲೆ ಹಾಕಿದರೆ ಹೀಗೇ ಆಗುತ್ತದೆ. ಬೆಲೆ ಎಷ್ಟಿಡಬೇಕೆಂಬುದು ಇನ್ನೂ ಗಟ್ಟಿಯಾಗಿಲ್ಲ ಎಂದಾದರೆ ದೊಡ್ಡ ಬಿಡುಗಡೆಗೆ ನೀವು ಸಿದ್ಧರಾಗಿಲ್ಲ ಎಂದೇ ಅರ್ಥ.

ಒಂದೇ ದಿನದ ಬಿಡುಗಡೆಯ ಕುತ್ತಿಗೆ ಹಿಡಿಯುವುದು ಮಾತ್ರ ಹೆಚ್ಚಾಗಿ ಬೆಲೆಯಲ್ಲ, ಭಾರ. ಅಮೆರಿಕದ ಸರ್ಕಾರ ಆರೋಗ್ಯ ವಿಮೆ ಕೊಳ್ಳಲೆಂದು ಹೆಲ್ತ್‌ಕೇರ್.ಗವ್ ಎಂಬ ಜಾಲತಾಣವನ್ನು 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಾಂತರ ಜನ ನುಗ್ಗಿದರು. ಮೊದಲ ದಿನ ಕೊನೆಯ ಹಂತದವರೆಗೆ ಹೋಗಿ ವಿಮೆ ಪಡೆದವರು ಆರು ಜನ. ಆರು ಸಾವಿರವಲ್ಲ, ಆರು. ಆ ತಾಣಕ್ಕೆ ತಾರೀಖು ಮುಂದೂಡುವ ಸ್ವಾತಂತ್ರ್ಯವಿರಲಿಲ್ಲ, ಸರ್ಕಾರದ ನಿಯಮವೇ ದಿನ ಕಟ್ಟಿತ್ತು. ನಿಮಗೆ ಅಂಥ ಕಟ್ಟು ಇಲ್ಲದಿದ್ದರೆ ಅದನ್ನು ನೀವೇ ಕಟ್ಟಿಕೊಳ್ಳುವುದೇಕೆ?

ನಿರೀಕ್ಷೆಯ ಭಾರವೂ ಹಾಗೆಯೇ. ಸೆಗ್‌ವೇ ಎಂಬ ಎರಡು ಚಕ್ರದ ಗಾಡಿಯ ಬಗ್ಗೆ 2001ರಲ್ಲಿ ವರ್ಷವಿಡೀ ಗುಸುಗುಸು ನಡೆದಿತ್ತು. ಏನೋ ಜಗತ್ತನ್ನೇ ಬದಲಿಸುವಂಥದ್ದು ಬರುತ್ತಿದೆ ಎಂಬ ಸುದ್ದಿ. ಡಿಸೆಂಬರ್ 3ಕ್ಕೆ ಪರದೆ ಸರಿದಾಗ ಕಂಡದ್ದು ನಿಂತುಕೊಂಡು ಹೋಗುವ ಒಂದು ಗಾಡಿ. ನಿಜ ಹೇಳಬೇಕೆಂದರೆ ಅದು ಅದ್ಭುತ ಎಂಜಿನಿಯರಿಂಗ್. ಆದರೆ ಅಷ್ಟು ಸದ್ದಿನ ನಂತರ ನೋಡಿದವರಿಗೆ ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ವಾರಕ್ಕೆ ಸಾವಿರಗಟ್ಟಲೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದ ಗಾಡಿಗಳನ್ನು 2006ರಲ್ಲಿ ಒಂದು ದೋಷಕ್ಕಾಗಿ ವಾಪಸ್ ಕರೆಸಿದಾಗ, ಅಲ್ಲಿಯವರೆಗೆ ಮಾರಾಟವಾಗಿದ್ದ ಅಷ್ಟೂ ಗಾಡಿಗಳ ಸಂಖ್ಯೆ ಸುಮಾರು 23,500.

ಹಾಗೆಂದು ಈ ದಾರಿ ಯಾರಿಗೂ ಬೇಡ ಎನ್ನಲಾರೆ. ಮೇಲಿನ ಮೂರೂ ಅನುಮಾನಗಳು ತೀರಿವೆ, ಉಳಿದಿರುವುದು ಜನಕ್ಕೆ ತಿಳಿಸುವುದೊಂದೇ ಎಂದಾದರೆ ಇದೇ ಸರಿ. ಸುದ್ದಿ ಎಂಬುದು ಒಂದೇ ಸಲ ಹೊಸದಾಗಿರುತ್ತದೆ. ತುಂಡು ತುಂಡಾಗಿ ಹೇಳಿದರೆ ಯಾವ ತುಂಡೂ ಸುದ್ದಿಯಾಗುವುದಿಲ್ಲ. ಹೊರಗೆ ಕಂಡ ತಿಂಗಳಲ್ಲೇ ನಕಲಾಗುವ ಸರಕು, ಒಂದು ಋತುವಿನಲ್ಲಿ ಮಾತ್ರ ಓಡುವ ಸರಕು ಇವಕ್ಕೂ ಸದ್ದು ಬೇಕು. ಜಾಹೀರಾತಿನ ಲೆಕ್ಕ ಉತ್ಪನ್ನದ ಲೆಕ್ಕವನ್ನು ಮೀರಿದ್ದರೆ ಮಾತ್ರ ಒಮ್ಮೆ ನಿಂತು ನೋಡಿ. ಮೂಗಿಗಿಂತ ಮೂಗುತಿ ಭಾರವಾಗಿರಬಹುದು.

ಸದ್ದಿಲ್ಲದೆ

ಸಾಫ್ಟ್ ಲಾಂಚ್ ಎಂದು ಕರೆಯುತ್ತಾರೆ. ಒಂದು ಸಣ್ಣ ಪ್ರದೇಶದಲ್ಲಿ, ಕೆಲವೇ ಅಂಗಡಿಗಳಲ್ಲಿ, ಇಲ್ಲವೇ ಬಳಕೆದಾರರ ಸಣ್ಣ ಪಾಲಿಗೆ ಬಿಟ್ಟು ನೋಡುವುದು. ಮೊದಲ ಅನುಮಾನಕ್ಕೆ, ಅಂದರೆ ಕೆಲಸ ಮಾಡುತ್ತದೆಯೇ ಎಂಬುದಕ್ಕೆ, ಇದಕ್ಕಿಂತ ಅಗ್ಗದ ಉತ್ತರವಿಲ್ಲ.

ಸಾಫ್ಟ್‌ವೇರ್‌ನವರಿಗೆ ಈ ಸೌಲಭ್ಯ ಈಗ ಕೈಯಳತೆಯಲ್ಲೇ ಇದೆ. ಆಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಹಳೆಯ ಆ್ಯಪ್‌ನ ಹೊಸ ಆವೃತ್ತಿಯನ್ನು ಏಳು ದಿನಗಳಲ್ಲಿ ಹರಡುವಂತೆ ಬಿಡಬಹುದು. ತಾನಾಗಿಯೇ ಅಪ್‌ಡೇಟ್ ಆಗುವಂತೆ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇ. 1ರಷ್ಟು ಜನರಿಗೆ, ಆಮೇಲೆ ಶೇ. 2, 5, 10, 20, 50, ಏಳನೆಯ ದಿನಕ್ಕೆ ಎಲ್ಲರಿಗೂ. ನಡುವೆ ಏನಾದರೂ ಎಡವಟ್ಟಾದರೆ ನಿಲ್ಲಿಸಬಹುದು. ಗೂಗಲ್ ಪ್ಲೇನಲ್ಲಿ ಆ ಶೇಕಡಾವನ್ನು ನೀವೇ ಇಡಬಹುದು. ಇದನ್ನು ಬಳಸದೆ ಮೊದಲ ದಿನವೇ ಎಲ್ಲರಿಗೂ ತಳ್ಳುವ ತಂಡಗಳನ್ನು ಕಂಡರೆ ನನಗೆ ಇಂದಿಗೂ ಆಶ್ಚರ್ಯ.

ಆದರೆ ಇಲ್ಲಿ ಸಿಗುವ ನಿಜವಾದ ಲಾಭ ಸಂಖ್ಯೆಗಳಲ್ಲಿಲ್ಲ, ಹತ್ತಿರದಿಂದ ನೋಡುವುದರಲ್ಲಿದೆ. ನಮ್ಮ ಆ್ಯಪ್‌ನ ಎರಡನೆಯ ಸುತ್ತಿನಲ್ಲಿ ಒಬ್ಬ ಗೋದಾಮಿನ ಗುಮಾಸ್ತರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಅವರು ಸರಕಿನ ಲೆಕ್ಕವನ್ನು ಆ್ಯಪ್‌ನಲ್ಲಿ ಚಕಚಕನೆ ತುಂಬಿದರು. ನನಗೆ ಒಳಗೊಳಗೇ ಖುಷಿ. ಆಮೇಲೆ ಅವರು ಡ್ರಾಯರ್ ಎಳೆದು, ಉದ್ದನೆಯ ನೋಟ್‌ಬುಕ್ ತೆಗೆದು, ಅದೇ ಲೆಕ್ಕವನ್ನು ಪೆನ್ನಿನಲ್ಲಿ ಮತ್ತೆ ಬರೆದರು.

"ಯಾಕೆ ಸರ್, ಎರಡೆರಡು ಸಲ?"

"ಅದರಲ್ಲಿ ಉಳೀತೋ ಇಲ್ವೋ ಗೊತ್ತಾಗಲ್ವಲ್ಲಪ್ಪಾ."

ನಮ್ಮ ಆ್ಯಪ್ ಎಲ್ಲವನ್ನೂ ತಾನಾಗಿಯೇ ಉಳಿಸಿಕೊಳ್ಳುತ್ತಿತ್ತು. ಅದು ನಮ್ಮ ಹೆಮ್ಮೆ. ಉಳಿಸಿದ್ದೇನೆ ಎಂದು ಹೇಳುತ್ತಿರಲಿಲ್ಲ ಅಷ್ಟೆ. ಹಸಿರು ಅಕ್ಷರದಲ್ಲಿ 'ಲೆಕ್ಕ ಉಳಿಸಲಾಗಿದೆ' ಎಂಬ ಒಂದು ಸಾಲು ಸೇರಿಸಿದೆವು. ಕೆಲವು ದಿನ ಬಿಟ್ಟು ಹೋದಾಗ ನೋಟ್‌ಬುಕ್ ಮೇಜಿನ ಮೇಲೆ ಇರಲಿಲ್ಲ. ಈ ಸಂಗತಿ ಯಾವ ಸಮೀಕ್ಷೆಯಲ್ಲೂ ಸಿಗುತ್ತಿರಲಿಲ್ಲ, ಏಕೆಂದರೆ ಅವರ ಮಟ್ಟಿಗೆ ಅದು ದೂರೇ ಆಗಿರಲಿಲ್ಲ.

ಈ ದಾರಿಯಲ್ಲಿ ಎಡವುವುದು ಎರಡು ಕಡೆ. ಒಂದು, ಪರೀಕ್ಷೆಗೆ ಆರಿಸುವ ಜನ. ನೆಂಟರು, ಗೆಳೆಯರು, ಹಿಂದಿನ ಸಹೋದ್ಯೋಗಿಗಳು 'ಚೆನ್ನಾಗಿದೆ' ಎನ್ನುತ್ತಾರೆ. ಅವರ ಮೆಚ್ಚುಗೆ ನಿಮ್ಮ ಬಗ್ಗೆ, ಉತ್ಪನ್ನದ ಬಗ್ಗೆ ಅಲ್ಲ. ನಿಮ್ಮ ಹಂಗಿಲ್ಲದವರನ್ನು ಹುಡುಕಿ. ಅವರು ಬಾಯಲ್ಲಿ ಏನು ಹೇಳಿದರು ಎಂಬುದನ್ನು ಬಿಟ್ಟು, ಎರಡನೆಯ ವಾರ ಯಾರೂ ನೆನಪಿಸದೆ ಎಷ್ಟು ಜನ ಮತ್ತೆ ಬಂದರು ಎಂದು ಎಣಿಸಿ.

ಇನ್ನೊಂದು, ಕೇಳುವ ಪ್ರಶ್ನೆ. ಕೋಕಾ-ಕೋಲಾ 1985ರಲ್ಲಿ ತನ್ನ ಹಳೆಯ ಪಾಕವನ್ನೇ ಬದಲಿಸಿತಲ್ಲ, ಆಗ ಪರೀಕ್ಷೆ ಕಡಿಮೆಯಾಗಿರಲಿಲ್ಲ. ಸುಮಾರು ಎರಡು ಲಕ್ಷ ರುಚಿ ಪರೀಕ್ಷೆಗಳು ನಡೆದಿದ್ದವು, ಹೊಸ ರುಚಿಯೇ ಗೆದ್ದಿತ್ತು. ಏಪ್ರಿಲ್ 23ರಂದು ಬಿಡುಗಡೆಯಾಯಿತು. ಜನ ರೊಚ್ಚಿಗೆದ್ದರು. 79 ದಿನಗಳಲ್ಲಿ, ಜುಲೈ 11ರಂದು, ಹಳೆಯದನ್ನು ವಾಪಸ್ ತರುವುದಾಗಿ ಕಂಪನಿ ಹೇಳಬೇಕಾಯಿತು. ಎರಡರಲ್ಲಿ ಯಾವುದು ರುಚಿ ಎಂದು ಕೇಳಿದ್ದರು. ಹಳೆಯದು ಇನ್ನು ಸಿಗುವುದೇ ಇಲ್ಲ ಎಂದರೆ ನಿಮಗೆ ಹೇಗನಿಸುತ್ತದೆ ಎಂಬುದಕ್ಕೆ ಆ ಲಕ್ಷಗಟ್ಟಲೆ ಗುಟುಕುಗಳಲ್ಲಿ ಉತ್ತರವಿರಲಿಲ್ಲ. ಹಳೆಯ ಉತ್ಪನ್ನವನ್ನು ತೆಗೆದು ಹೊಸದನ್ನು ಇಡುವವರು ಈ ಪ್ರಸಂಗವನ್ನು ಎರಡು ಸಲ ಓದಬೇಕು. ಸಾಧ್ಯವಾದರೆ ಎರಡನ್ನೂ ಕೆಲಕಾಲ ಅಕ್ಕಪಕ್ಕ ಮಾರಿ.

ಆಹ್ವಾನ ಸಿಕ್ಕವರಿಗೆ ಮಾತ್ರ

ಆಹ್ವಾನದ ಬಿಡುಗಡೆಯ ಮಾತೆತ್ತಿದರೆ ಎಲ್ಲರೂ ಜಿಮೇಲ್ ಕಡೆ ಬೆರಳು ತೋರಿಸುತ್ತಾರೆ. 2004ರ ಏಪ್ರಿಲ್ 1ರಂದು ಬಂದಾಗ ಅದು ಕೊಟ್ಟದ್ದು 1 ಜಿಬಿ ಜಾಗ. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. ಮೂರ್ಖರ ದಿನದ ತಮಾಷೆ ಎಂದುಕೊಂಡವರೂ ಇದ್ದರು. ಮೊದಲು ಹೊರಗಿನ ಸುಮಾರು ಸಾವಿರ ಜನರಿಗೆ ಖಾತೆ ಕೊಟ್ಟು, ಅವರ ಕೈಗೆ ಒಂದಷ್ಟು ಆಹ್ವಾನಗಳನ್ನಿಟ್ಟರು. ಆ ಆಹ್ವಾನಗಳು ಇಬೇನಲ್ಲಿ ಹರಾಜಾದವು. ಎಲ್ಲರಿಗೂ ಬಾಗಿಲು ತೆರೆದದ್ದು 2007ರಲ್ಲಿ.

ಇದನ್ನು ನೋಡಿ 'ಕೊರತೆ ಸೃಷ್ಟಿಸಿದರೆ ಬೇಡಿಕೆ ಬರುತ್ತದೆ' ಎಂಬ ಪಾಠ ಕಲಿತವರು ಬಹಳ. ನಡೆದದ್ದು ತಿರುಗುಮುರುಗು. ಕೊರತೆ ನಿಜವಾಗಿಯೇ ಇತ್ತು. ಕಂಪನಿಯೊಳಗೆ ಬೇರೆ ಯಾರಿಗೂ ಬೇಡವಾಗಿದ್ದ ಸುಮಾರು 300 ಹಳೆಯ ಪೆಂಟಿಯಂ 3 ಕಂಪ್ಯೂಟರುಗಳ ಮೇಲೆ ಜಿಮೇಲ್ ಓಡುತ್ತಿತ್ತು. ಅಷ್ಟು ಯಂತ್ರಗಳಿಗೆ ಎಷ್ಟು ಜನರನ್ನು ಹೊರಲು ಆಗುತ್ತದೋ ಅಷ್ಟೇ ಜನರನ್ನು ಒಳಗೆ ಬಿಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು, ಅದು ಹೊರಗಿನವರಿಗೆ ಗತ್ತಿನಂತೆ ಕಂಡಿತು. ಆಹ್ವಾನ ತೀರಿಸುವುದು ಮೂರನೆಯ ಅನುಮಾನವನ್ನು, ಕೊಡುವ ತಾಕತ್ತಿನದನ್ನು. ಜನರಿಗೆ ಬೇಡದ್ದನ್ನು ಆಹ್ವಾನದ ಹಿಂದೆ ಬಚ್ಚಿಟ್ಟರೆ ಬೇಕೆನಿಸುವುದಿಲ್ಲ.

ಇದೇ ಗೂಗಲ್ ಐದು ವರ್ಷದ ಬಳಿಕ ಇದೇ ಮದ್ದನ್ನು ಇನ್ನೊಂದಕ್ಕೆ ಹಚ್ಚಿತು. ಗೂಗಲ್ ವೇವ್, ಹಲವರು ಒಟ್ಟಿಗೆ ಕೂತು ಬರೆಯುವ, ಮಾತಾಡುವ ಸಾಧನ. 2009ರ ಸೆಪ್ಟೆಂಬರ್ 30ರಂದು ಸುಮಾರು ಒಂದು ಲಕ್ಷ ಆಹ್ವಾನಗಳು ಹೊರಟವು. ಒಳಗೆ ಹೋದವರು ಸುತ್ತಲೂ ನೋಡಿದರು. ಜೊತೆಗೆ ಕೆಲಸ ಮಾಡುವವರು ಯಾರೂ ಅಲ್ಲಿಲ್ಲ. ಜಿಮೇಲ್‌ನಿಂದ ಯಾವ ಇಮೇಲ್ ವಿಳಾಸಕ್ಕಾದರೂ ಪತ್ರ ಹೋಗುತ್ತಿತ್ತು, ಒಬ್ಬನೇ ಬಳಸಿದರೂ ಅದು ಪೂರ್ಣ. ವೇವ್‌ನಲ್ಲಿ ಒಬ್ಬನೇ ಇದ್ದರೆ ಖಾಲಿ ಕೋಣೆಯಲ್ಲಿ ಕೂತ ಹಾಗೆ. 2010ರ ಮೇನಲ್ಲಿ ಎಲ್ಲರಿಗೂ ತೆರೆದರೂ ಕಾಲ ಮಿಂಚಿತ್ತು. ಆಗಸ್ಟ್‌ನಲ್ಲಿ ಅದರ ಕೆಲಸ ನಿಲ್ಲಿಸುವುದಾಗಿ ಗೂಗಲ್ ಹೇಳಿತು. ಉತ್ಪನ್ನ ತೀರಾ ಗೋಜಲಾಗಿತ್ತು ಎಂಬ ದೂರೂ ಇತ್ತು, ಸುಳ್ಳಲ್ಲ. ಆದರೆ ಆಹ್ವಾನವನ್ನು ಒಬ್ಬೊಬ್ಬರಿಗೆ ಹಂಚಿದ್ದು ಅದಕ್ಕೆ ಗಾಯದ ಮೇಲೆ ಬರೆ.

ಹಾಗಾದರೆ ಜೊತೆಗಾರರಿಲ್ಲದೆ ನಡೆಯದ ಉತ್ಪನ್ನಕ್ಕೆ ಆಹ್ವಾನ ಸಲ್ಲದೇ? ಸಲ್ಲುತ್ತದೆ, ಆದರೆ ಅಳತೆ ಬದಲಾಗಬೇಕು. ಸ್ಲ್ಯಾಕ್ ಕೂಡ ಹಲವರು ಸೇರಿ ಬಳಸುವ ಸಾಧನವೇ. ಒಂದು ಆಟದ ಕಂಪನಿ ತನ್ನೊಳಗಿನ ಮಾತುಕತೆಗೆ ಮಾಡಿಕೊಂಡದ್ದು. ಆಟ ಮುಚ್ಚಿತು, ಸಾಧನ ಉಳಿಯಿತು. ಅವರು ಅದನ್ನು ಮೊದಲು ಗೊತ್ತಿದ್ದ ಬೇರೆ ಕಂಪನಿಗಳ ತಂಡಗಳಿಗೆ ದುಂಬಾಲು ಬಿದ್ದು ಕೊಟ್ಟರು. ಸಣ್ಣ ತಂಡದಿಂದ ಶುರುಮಾಡಿ, ಒಂದೊಂದೇ ದೊಡ್ಡ ತಂಡಕ್ಕೆ ಏರಿದರು. ಜನ ಹೆಚ್ಚಾದಂತೆ ಏನೇನು ಕೆಡುತ್ತದೆ ಎಂದು ನೋಡಿ ಸರಿಮಾಡಿದರು. 2013ರ ಆಗಸ್ಟ್‌ನಲ್ಲಿ ಹೊರಗಿನವರ ಕೋರಿಕೆ ತೆಗೆದುಕೊಳ್ಳಲು ಶುರುಮಾಡಿದಾಗ ಮೊದಲ ದಿನವೇ 8,000 ಬಂದವು. ಅವರನ್ನೂ ಗುಂಪುಗುಂಪಾಗಿಯೇ ಒಳಗೆ ಬಿಟ್ಟರು. 2014ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದರು. ವೇವ್ ಕರೆದದ್ದು ಒಬ್ಬೊಬ್ಬರನ್ನು, ಸ್ಲ್ಯಾಕ್ ಕರೆದದ್ದು ತಂಡಗಳನ್ನು. ಫೇಸ್‌ಬುಕ್ ಬೆಳೆದದ್ದೂ ಹೀಗೆಯೇ. 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ಒಂದೇ, ಆಮೇಲೆ ಒಂದೊಂದಾಗಿ ಬೇರೆ ವಿಶ್ವವಿದ್ಯಾಲಯಗಳು, ಸಾರ್ವಜನಿಕರಿಗೆ 2006ರ ಸೆಪ್ಟೆಂಬರ್‌ನಲ್ಲಿ. ಒಳಗೆ ಹೋದ ಪ್ರತಿಯೊಬ್ಬರಿಗೂ ಪರಿಚಯದ ಮುಖಗಳು ಕಾದಿರುತ್ತಿದ್ದವು.

ಇನ್ನು ಕೃತಕ ವೇಟಿಂಗ್ ಲಿಸ್ಟ್. ಜಾಗ ಬೇಕಾದಷ್ಟಿದ್ದೂ 'ನಿಮ್ಮ ಮುಂದೆ ಇಷ್ಟು ಸಾವಿರ ಜನ ಇದ್ದಾರೆ' ಎಂದು ತೋರಿಸುವ ಚಾಳಿ. ಗೆಳೆಯರನ್ನು ಕರೆತಂದರೆ ಸಾಲಿನಲ್ಲಿ ಮುಂದೆ ಬರುತ್ತೀರಿ ಎಂಬ ಆಮಿಷ ಬೇರೆ. ನನಗೆ ಇದು ಹಿಡಿಸುವುದಿಲ್ಲ. ನೀತಿಯ ಮಾತು ಬಿಡಿ, ವ್ಯವಹಾರದ ಮಾತೇ ಆಡೋಣ. ಇಂದು ಆಸೆಪಟ್ಟು ಹೆಸರು ಕೊಟ್ಟವರಿಗೆ ಮೂರು ತಿಂಗಳ ಮೇಲೆ ಪತ್ರ ಬಂದರೆ 'ಇದೇನಿದು?' ಎನ್ನುತ್ತಾರೆ. ಆಸೆ ಹಳಸಿರುತ್ತದೆ.

ಮುಂಗಡ ಪಡೆದು, ಆಮೇಲೆ ಮಾಡುವುದು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎನ್ನುತ್ತಾರೆ. ಮುಂಗಡದ ದಾರಿಯಲ್ಲಿ ಕುಲಾವಿಯನ್ನು ಮಾರಿದ ದುಡ್ಡಿನಲ್ಲೇ ಬಾಣಂತನ ನಡೆಯಬೇಕು. ಆದರೂ ಎರಡನೆಯ ಅನುಮಾನಕ್ಕೆ, ಯಾರಿಗಾದರೂ ನಿಜಕ್ಕೂ ಬೇಕೇ ಎಂಬುದಕ್ಕೆ, ಇಷ್ಟು ಖಚಿತ ಉತ್ತರ ಬೇರೆಲ್ಲೂ ಸಿಗುವುದಿಲ್ಲ. 'ಬಂದರೆ ಕೊಳ್ಳುತ್ತೇನೆ' ಎಂಬ ಮಾತಿಗೂ ಜೇಬಿನಿಂದ ಹೊರಬಂದ ದುಡ್ಡಿಗೂ ಅಜಗಜಾಂತರ.

ಇವೆರಡರ ನಡುವೆ ಒಂದು ಮೆಟ್ಟಿಲಿದೆ, ಹೆಸರು ನೋಂದಣಿ. 2008ರಲ್ಲಿ, ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್‌ನವರು ತಮ್ಮ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವ ಒಂದು ಚಿಕ್ಕ ವಿಡಿಯೊ ಬಿಟ್ಟರು. ಕಾದಿದ್ದವರ ಪಟ್ಟಿ ರಾತ್ರಿ ಬೆಳಗಾಗುವುದರಲ್ಲಿ 5,000ದಿಂದ 75,000ಕ್ಕೆ ಏರಿತು ಎಂದು ಅದರ ಸ್ಥಾಪಕರೇ ಹೇಳಿದ್ದಾರೆ. ಖರ್ಚಿಲ್ಲದ ಪರೀಕ್ಷೆ. ಆದರೆ ಅದು ಉಚಿತವಾಗಿ ಶುರುಮಾಡಬಹುದಾದ ಸಾಫ್ಟ್‌ವೇರ್. ಕಬ್ಬಿಣ, ಪ್ಲಾಸ್ಟಿಕ್ಕಿನ ಸರಕಿಗೆ ಹೆಸರು ನೋಂದಣಿಯನ್ನೇ ನಂಬಿ ಅಚ್ಚು ಹಾಕಿಸಿದರೆ ಕೈ ಸುಟ್ಟುಕೊಳ್ಳುತ್ತೀರಿ.

ಕಿಕ್‌ಸ್ಟಾರ್ಟರ್‌ನಂಥ ಕ್ರೌಡ್‌ಫಂಡಿಂಗ್ ತಾಣಗಳ, ಅಂದರೆ ವಸ್ತು ಮಾಡುವ ಮೊದಲೇ ಜನರಿಂದ ದುಡ್ಡು ಕೂಡಿಸುವ ತಾಣಗಳ, ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪೆಬಲ್ ಎಂಬ ಸ್ಮಾರ್ಟ್‌ವಾಚ್ 2012ರಲ್ಲಿ ಕೇಳಿದ್ದು ಒಂದು ಲಕ್ಷ ಡಾಲರ್. ಬಂದದ್ದು ಒಂದು ಕೋಟಿಗೂ ಹೆಚ್ಚು, 68,929 ಜನರಿಂದ. ಸೆಪ್ಟೆಂಬರ್‌ಗೆ ಕೊಡುತ್ತೇವೆ ಎಂದಿದ್ದರು, ಮೊದಲ ವಾಚು ಹೊರಟದ್ದು 2013ರ ಜನವರಿಯಲ್ಲಿ. ತಡವಾಯಿತು, ಆದರೆ ತಲುಪಿತು. ಎರಡನೆಯದು ಕೂಲೆಸ್ಟ್ ಕೂಲರ್, ಬ್ಲೆಂಡರು, ಸ್ಪೀಕರು ಎಲ್ಲ ಸೇರಿಸಿದ ಮಂಜುಗಡ್ಡೆ ಪೆಟ್ಟಿಗೆ. 2014ರಲ್ಲಿ ಅರವತ್ತೆರಡು ಸಾವಿರಕ್ಕೂ ಹೆಚ್ಚು ಜನ 1.3 ಕೋಟಿ ಡಾಲರಿಗೂ ಮೀರಿ ಕೊಟ್ಟರು. ಮಾಡಲು ಹೊರಟಾಗ ಗೊತ್ತಾಯಿತು, ಪಡೆದ ದುಡ್ಡಿನಲ್ಲಿ ಮಾಡಿ ಕಳಿಸುವ ಖರ್ಚು ಹುಟ್ಟುವುದಿಲ್ಲ ಎಂದು. ಮಿಕ್ಕವರಿಗೆ ಮಾಡಿಕೊಡಲು ದುಡ್ಡು ಬೇಕೆಂದು ಪೆಟ್ಟಿಗೆಗಳನ್ನು ಅಮೆಜಾನ್‌ನಲ್ಲಿ ಹೊಸಬರಿಗೆ ಮಾರತೊಡಗಿದರು. ಮುಂಗಡ ಕೊಟ್ಟು ಕಾದವರ ಹೊಟ್ಟೆ ಉರಿಯದೆ ಇರುತ್ತದೆಯೇ? 2019ರ ಕೊನೆಗೆ ಕಂಪನಿ ಮುಚ್ಚಿತು, ಸಾವಿರಾರು ಜನರಿಗೆ ಪೆಟ್ಟಿಗೆ ಕೊನೆಗೂ ಬರಲಿಲ್ಲ. ಅವರಿಗೆ ಗಿರಾಕಿಗಳ ಕೊರತೆ ಇರಲಿಲ್ಲ. ಪ್ರತಿ ಪೆಟ್ಟಿಗೆಗೂ ನಷ್ಟವಾಗುವ ಲೆಕ್ಕದಲ್ಲಿ ಗಿರಾಕಿ ಹೆಚ್ಚಾದಷ್ಟೂ ಗುಂಡಿ ಆಳವಾಗುತ್ತದೆ.

ಆದ್ದರಿಂದ ಮುಂಗಡ ತೆಗೆದುಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಒಂದೇ ಒಂದು ಪೀಸಿನ ಲೆಕ್ಕ ಬರೆಯಿರಿ. ಬಿಡಿಭಾಗ, ಜೋಡಣೆ, ಪೆಟ್ಟಿಗೆ, ಸಾಗಣೆ, ತೆರಿಗೆ, ತಾಣದ ಕಮಿಷನ್, ಕಾರ್ಡ್ ಪಾವತಿಯ ಶುಲ್ಕ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಒಡೆದು ಹೋಗಿ ಎರಡನೆಯ ಸಲ ಕಳಿಸಬೇಕಾದವು, ಕಾರ್ಖಾನೆಯಲ್ಲೇ ಕೆಟ್ಟು ಬದಿಗಿಟ್ಟವು, ವಿಳಾಸ ತಪ್ಪಾಗಿ ವಾಪಸ್ ಬಂದವು, ಇವನ್ನು ಯಾರೂ ಬರೆಯುವುದಿಲ್ಲ. ಬರೆದ ಮೇಲೂ ಲಾಭ ಉಳಿದರೆ ಮುಂದೆ ಹೋಗಿ. ಹೀಗೆ ಹಣ ಪಡೆದ ಯೋಜನೆಗಳಲ್ಲಿ ಶೇ. 9ರಷ್ಟು ಕೊಟ್ಟ ಮಾತು ಪೂರೈಸಲಾಗದೆ ಹೋದವು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2015ರಲ್ಲಿ ಕಿಕ್‌ಸ್ಟಾರ್ಟರ್ ಬಗ್ಗೆ ನಡೆಸಿದ ಅಧ್ಯಯನ ತೋರಿಸಿತ್ತು. ಕೈಕೊಟ್ಟವರೆಲ್ಲ ಮೋಸಗಾರರು ಎಂದು ನನಗನಿಸುವುದಿಲ್ಲ. ಲೆಕ್ಕ ತಪ್ಪಿದವರೇ ಹೆಚ್ಚಿರಬೇಕು.

ಆಗಲೇ ಮಾರಾಟದಲ್ಲಿರುವ ಉತ್ಪನ್ನ ನಿಮ್ಮದಿದ್ದರೆ ಇನ್ನೊಂದು ಎಚ್ಚರ. ಹೊಸದನ್ನು ಆರು ತಿಂಗಳ ಮೊದಲೇ ಸಾರಿದರೆ ಇರುವುದನ್ನು ಯಾರು ಕೊಳ್ಳುತ್ತಾರೆ? 1983ರಲ್ಲಿ ದಿವಾಳಿಯಾದ ಆಸ್ಬೋರ್ನ್ ಕಂಪ್ಯೂಟರ್ ಕಂಪನಿಯ ಹೆಸರು ಈ ರೋಗಕ್ಕೇ ಅಂಟಿಕೊಂಡಿದೆ. ಮುಂದಿನ ಮಾದರಿಯ ಮಾತೆತ್ತಿದ್ದರಿಂದ ಹಳೆಯದರ ಮಾರಾಟ ನಿಂತಿತು ಎಂಬುದು ಪ್ರಚಲಿತ ಕಥೆ. ಅಷ್ಟೇ ಕಾರಣವಲ್ಲ ಎನ್ನುವವರೂ ಇದ್ದಾರೆ. ಏನೇ ಇರಲಿ, ಗೋದಾಮಿನಲ್ಲಿ ಹಳೆಯ ಸ್ಟಾಕ್ ಎಷ್ಟಿದೆ ಎಂದು ನೋಡದೆ ಹೊಸದರ ಸುದ್ದಿ ಹೇಳಬೇಡಿ.

ಇನ್ನೊಬ್ಬರ ಅಂಗಡಿಯ ಮೂಲಕ

ವಿತರಕರು, ಡೀಲರುಗಳು, ದೊಡ್ಡ ಆನ್‌ಲೈನ್ ಮಾರಾಟ ತಾಣಗಳು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದು ಬಿಡುಗಡೆಯ ದಾರಿಗಿಂತ ಹೆಚ್ಚಾಗಿ ಮಾರಾಟದ ದಾರಿ. ತಲುಪುವ ಕಷ್ಟ ಕಡಿಮೆಯಾಗುತ್ತದೆ, ಲಾಭದ ಪಾಲೂ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಕೊಂಡವರು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ. ಮೊದಲ ನೂರು ಗಿರಾಕಿಗಳ ಹೆಸರು, ಫೋನ್ ನಂಬರ್ ನಿಮ್ಮ ಕೈಯಲ್ಲಿರಲೇಬೇಕಾದ ಹೊತ್ತಿನಲ್ಲಿ ಅವರು ಇನ್ನೊಬ್ಬರ ಗಿರಾಕಿಗಳು. ವಿತರಕರಿಗೆ ಕೊಟ್ಟ ಸರಕನ್ನು ಮಾರಾಟವಾಯಿತು ಎಂದು ಬರೆದುಕೊಳ್ಳುವ ಭ್ರಮೆ ಬೇರೆ. ಅದು ಕಪಾಟು ಬದಲಿಸಿದೆ ಅಷ್ಟೆ, ಮಾರಾಟವಾಗದಿದ್ದರೆ ವಾಪಸ್ ಬರುತ್ತದೆ. ನನ್ನ ಸಲಹೆ, ಮೊದಲ ಸುತ್ತು ನೇರವಾಗಿ ಮಾರಿ, ಎರಡನೆಯ ಸುತ್ತಿಗೆ ಅಂಗಡಿ ಹತ್ತಿ.

ಹಾಗಾದರೆ ನಾನೇನು ಮಾಡಲಿ?

ಒಬ್ಬರೇ ಬಳಸಿದರೂ ಉಪಯೋಗವಾಗುವ ಆ್ಯಪ್ ನಿಮ್ಮದಾದರೆ ಸದ್ದಿಲ್ಲದೆ ಬಿಡಿ. ಎರಡು ಮಾತಿಲ್ಲ. ಮಾರಿದ ಮೇಲೂ ಸರಿಮಾಡಬಹುದಾದ ವಸ್ತುವಿಗೆ ಒಂದೇ ದಿನದ ಜೂಜು ಬೇಕಿಲ್ಲ.

ಜನ ಸೇರಿದರೆ ಮಾತ್ರ ಜೀವ ಬರುವ ಉತ್ಪನ್ನವಾದರೆ ಒಂದು ಸಣ್ಣ ಗುಂಪನ್ನು ಪೂರ್ತಿ ತುಂಬಿಸಿ, ಆಮೇಲೆ ಮುಂದಿನದು. ನೂರು ಊರಿನಲ್ಲಿ ಹತ್ತು ಹತ್ತು ಜನರಿಗಿಂತ ಒಂದೇ ಕಡೆ ಇನ್ನೂರು ಜನ ಮೇಲು. ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುವ ವೇದಿಕೆಗಳಿಗಂತೂ ಇದು ಜೀವನ್ಮರಣದ ಪ್ರಶ್ನೆ.

ಕೈಯಲ್ಲಿ ಹಿಡಿಯುವ ವಸ್ತುವಾದರೆ ಲೆಕ್ಕ ಬೇರೆ. ಹೊರಗೆ ಹೋದದ್ದನ್ನು ದೂರದಿಂದ ಸರಿಮಾಡಲಾಗದು, ವಾಪಸ್ ತರಿಸಬೇಕು. ಅಂಥದ್ದಕ್ಕೆ ಎರಡು ಹಂತ ಇಟ್ಟುಕೊಳ್ಳಿ. ಮೊದಲು ಕೈಯಿಂದಲೇ ಜೋಡಿಸಿದ ಐವತ್ತು ನಗ, ಪೂರ್ತಿ ಬೆಲೆಗೆ, ಅಪರಿಚಿತರಿಗೆ. ಅವು ಮಳೆ, ಧೂಳು, ಮಕ್ಕಳ ಕೈ ಎಲ್ಲವನ್ನೂ ಕಂಡ ಮೇಲೆ ಮುಂಗಡ ಬುಕಿಂಗ್. ಅದಕ್ಕೂ ಒಂದು ಮಿತಿ ಹಾಕಿ. ಎಷ್ಟು ಬಂದರೂ ತೆಗೆದುಕೊಳ್ಳುತ್ತೇವೆ ಎನ್ನುವುದು ಧೈರ್ಯವಲ್ಲ.

ಸೇವೆಯಾದರೆ ಯಾವ ಹೆಸರೂ ಬೇಡ. ಐದು ಜನ ಗಿರಾಕಿಗಳನ್ನು ಹಿಡಿದು ನೀವೇ ನಿಂತು ಮಾಡಿಕೊಡಿ.

ಇವು ಒಂದನ್ನೊಂದು ಕತ್ತರಿಸುವ ದಾರಿಗಳಲ್ಲ. ಹೆಚ್ಚಿನ ಒಳ್ಳೆಯ ಬಿಡುಗಡೆಗಳು ಸದ್ದಿಲ್ಲದೆ ಶುರುವಾಗಿ, ಆಹ್ವಾನದಲ್ಲಿ ಹಿಗ್ಗಿ, ಕೊನೆಗೆ ಡಂಗುರ ಸಾರುತ್ತವೆ. ಈ ಕ್ರಮವನ್ನು ಹಿಂದುಮುಂದು ಮಾಡಲಾಗದು. ಸದ್ದಿಲ್ಲದೆ ಬಿಟ್ಟದ್ದಕ್ಕೆ ನಾಳೆ ಸದ್ದು ಸೇರಿಸಬಹುದು. ಸದ್ದು ಮಾಡಿ ಬಿಟ್ಟದ್ದನ್ನು ನಾಳೆ ಯಾರೂ ನೋಡದಂತೆ ಮಾಡಲಾಗದು.

ಆದರೆ ಸದ್ದಿಲ್ಲದ ಹಂತಕ್ಕೆ ಕೊನೆಯ ದಿನವನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ 'ಇನ್ನೊಂದು ಸ್ವಲ್ಪ ಸರಿಮಾಡೋಣ' ಎಂದು ವರ್ಷ ಕಳೆಯುತ್ತದೆ. ಇದರಲ್ಲೂ ನನಗೆ ಅನುಭವವಿದೆ. ಎರಡನೆಯ ವಾರವೂ ಇಷ್ಟು ಜನ ಉಳಿದರೆ ಮುಂದೆ, ಇಷ್ಟಕ್ಕಿಂತ ಕಡಿಮೆಯಾದರೆ ನಿಲ್ಲಿಸಿ ಯೋಚಿಸೋಣ ಎಂಬ ಸಂಖ್ಯೆಯನ್ನೂ ಬಿಡುಗಡೆಗೆ ಮುಂಚೆಯೇ ಬರೆಯಿರಿ. ಆಮೇಲೆ ಬರೆದರೆ ಬಂದ ಸಂಖ್ಯೆಯೇ ಗುರಿಯಾಗಿಬಿಡುತ್ತದೆ. ಶುಕ್ರವಾರ ಬಿಡಬೇಡಿ, ಶನಿವಾರ ಸರ್ವರ್ ಬಿದ್ದರೆ ಎತ್ತುವವರು ಇರುವುದಿಲ್ಲ. ಗಿರಾಕಿಗಳ ಫೋನ್ ಮೊದಲ ವಾರ ಯಾರಿಗೆ ಬರಬೇಕು ಎಂದೂ ನಿರ್ಧರಿಸಿ. ನನ್ನನ್ನು ಕೇಳಿದರೆ ಅದು ಉತ್ಪನ್ನ ಮಾಡಿದವರಿಗೇ ಬರಬೇಕು.

ನಮ್ಮ ಎರಡನೆಯ ಬಿಡುಗಡೆ ಒಂದು ಮಂಗಳವಾರ, ಮೂವತ್ತು ಜನರಿಗೆ. ಓಟಿಪಿ ಖಾತೆಯನ್ನು ಹಿಂದಿನ ದಿನ ಮೂರು ಸಲ ನೋಡಿದ್ದೆವು. ಆದರೂ ನಾಲ್ಕನೆಯವರಿಗೆ ಓಟಿಪಿ ಹೋಗಲಿಲ್ಲ. ಅವರ ನಂಬರ್ ಬೇರೆ ದೇಶದ್ದು, ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ನಾನೇ ಫೋನ್ ಮಾಡಿ ಖಾತೆ ತೆರೆದುಕೊಟ್ಟೆ. ಮಾತು ಮುಗಿಸುವ ಮುನ್ನ ಅವರು, "ನೀವು ಯಾವ ಕಾಲ್ ಸೆಂಟರ್‌ನಿಂದ ಮಾತಾಡೋದು?" ಎಂದು ಕೇಳಿದರು.